ಮುತ್ತಾತನ ಕಲ್ಲಿಗೆ ಮತ್ತೆ ಎಣ್ಣೆ

ಜರ್ಮನಿಯ ಮೇಲೆ ಯುದ್ಧ ಸಾರಿದ ವರ್ಷ, ಭಾದ್ರಪದದ ಒಂದು ಸೋಮವಾರ, ಬೆಳಗ್ಗೆ ಏಳು ಗಂಟೆ. ಸ್ಥಳ, ಅಜ್ಜಂಪುರದ ಹೊರಗಿನ ಹುಣಸೆ ತೋಪು. ಹಾಜರಿದ್ದವರು ನಮ್ಮ ಅಪ್ಪ, ಎಣ್ಣೆ ಕುಡಿಕೆ ಹಿಡಿದ ನಾನು, ಊರಿನ ಗೌಡರು. ಕಲ್ಲಿನ ಕೆಳಗೆ ನಮ್ಮ ಮುತ್ತಾತ.

ಮುತ್ತಾತ ಜರ್ಮನಿಯವರು. ಕೆಮ್ಮಣ್ಣುಗುಂಡಿ ಕಡೆ ಕಬ್ಬಿಣದ ಅದಿರು ಹುಡುಕಲು ಬಂದು, ಅಜ್ಜಂಪುರದ ಹೆಣ್ಣನ್ನು ಮದುವೆಯಾಗಿ ಇಲ್ಲೇ ನಿಂತರು. ಮುತ್ತಜ್ಜಿ ಮಕ್ಕಳಿಗೆ ತನ್ನ ಕಡೆಯ ಹೆಸರುಗಳನ್ನೇ ಇಟ್ಟಳು. ಹಾಗಾಗಿ ನಮಗೆ ಅವರಿಂದ ಉಳಿದದ್ದು ಬೆಕ್ಕಿನ ಕಣ್ಣು ಮಾತ್ರ. ಕಡೂರಿನಲ್ಲಿ ಸ್ಟೇಷನ್ ಮಾಸ್ತರರಾಗಿದ್ದ ಅಪ್ಪನಿಗೆ ಇಷ್ಟು ಸಾಲಲಿಲ್ಲ. ರಜೆ ಸಿಕ್ಕಾಗಲೆಲ್ಲ ವಂಶದ ಮೂಲ ಹುಡುಕಿ ಹೊರಟರು. ಕಡೂರಿನ ಮುದುಕರು ಮುತ್ತಾತನನ್ನು ಸೈನಿಕ ಎಂದರು, ತರೀಕೆರೆಯವರು ಪಾದ್ರಿ ಎಂದರು. ಅಪ್ಪನಿಗೆ ಎರಡೂ ಒಪ್ಪಿಗೆಯಾಯಿತು. ಅಜ್ಜಂಪುರದವರು ಮಾತ್ರ, ರೈತರಿಗೆ ನೇಗಿಲ ಗುಳ ತಟ್ಟಿಕೊಡುತ್ತಿದ್ದ ಎಂದರು. ಅದು ಒಪ್ಪಿಗೆಯಾಗಲಿಲ್ಲ.

ಊರವರಿಗೆ ಆ ಕಲ್ಲು ಗುಳದಪ್ಪ. ಮೊದಲ ಉಳುಮೆಗೆ ಮುಂಚೆ ಗುಳವನ್ನು ಕಲ್ಲಿಗೆ ಒರಗಿಸಿ, ಮಸಿ ಕಲಸಿದ ಹರಳೆಣ್ಣೆ ಬಳಿದು, ಕುಂಕುಮ ಇಡುವುದು ಪದ್ಧತಿ. ಹಿಂದಿನ ಬೇಸಗೆಯಲ್ಲಿ ಅಪ್ಪ, "ಇದು ಗೋರಿ ಕಣ್ರೋ, ದೇವರಲ್ಲ" ಎಂದು ಗದರಿಸಿ, ಇಟ್ಟಿಗೆ ಪುಡಿ ಹಾಕಿ ಉಜ್ಜಿ, ಅಡಿಯಲ್ಲಿದ್ದ ಜರ್ಮನ್ ಅಕ್ಷರಗಳನ್ನು ಬೆಳಕಿಗೆ ತಂದರು. ಆಮೇಲೆ ಗಾಡಿ ಹೊತ್ತಿಗೆ ಸರಿಯಾಗಿ ಬಂದಾಗಲೆಲ್ಲ, "ನಮ್ಮ ಜರ್ಮನ್ ರಕ್ತದ ಗುಣ" ಎಂದು ಪ್ಲಾಟ್‌ಫಾರಮ್ಮಿನಲ್ಲಿ ಸಿಕ್ಕಿದವರಿಗೆ ಹೇಳುತ್ತಿದ್ದರು.

ಯುದ್ಧ ಬಂತು. ರಕ್ತದ ಸುದ್ದಿಯನ್ನು ಯಾರೋ ಮೇಲಕ್ಕೆ ಮುಟ್ಟಿಸಿದರು. ಕಲ್ಲನ್ನು ನೋಡಿಬರಲು ತಾಲ್ಲೂಕಿನ ಅಮಲ್ದಾರರು ತಮ್ಮ ಕೈಕೆಳಗಿನ ಶೇಕ್‌ದಾರರನ್ನು ಕಳಿಸುತ್ತಾರೆಂದು ತಿಳಿಯಿತು. ಅಕ್ಷರ ಕಂಡರೆ ಅಪ್ಪನ ಕೆಲಸ ಹೋಗುವುದು ಖಂಡಿತ.

"ಸ್ವಲ್ಪ ಎಣ್ಣೆ ಬಳೀಬೇಕಿತ್ತು, ಗೌಡ್ರೇ" ಎಂದರು ಅಪ್ಪ.

"ಯಾಕ್ ಸ್ವಾಮಿ, ಗೋರಿ ಅಲ್ವಾ?" ಎಂದರು ಗೌಡರು. "ನೀವು ತೊಳೆದ್ರಿ, ಮುಂಗಾರು ಮುನಿಸ್ಕೊಂಡ್ತು. ಈಗ ಸುಮ್ನೆ ಬಳಿಯೋ ಹಂಗಿಲ್ಲ. ಬೂಟು ಬಿಚ್ಚಿ. ಗುಳ ಹೆಗಲ ಮೇಲಿಟ್ಕೊಂಡು ಮೂರು ಸುತ್ತು ಬನ್ನಿ."

ಅಪ್ಪ ಸುತ್ತಿದರು. ನಾನು ಕುಡಿಕೆ ಕೊಟ್ಟೆ. ಒಂದೊಂದು ಅಕ್ಷರದೊಳಕ್ಕೂ ಬೆರಳು ತೂರಿಸಿ ಮಸಿ ತುಂಬಿದರು. ಉಜ್ಜುವಾಗ ಇಷ್ಟು ಶ್ರದ್ಧೆ ಇರಲಿಲ್ಲ.

ಶೇಕ್‌ದಾರರು ಬಂದಾಗ ಗುಳ ಒರಗಿತ್ತು, ಕುಂಕುಮ ಇನ್ನೂ ಹಸಿಯಾಗಿತ್ತು.

"ಜರ್ಮನಿಯವನ ಗೋರಿ ಎಲ್ರೀ?"

"ಗೋರಿಗೆ ಯಾರಾದ್ರೂ ಕುಂಕುಮ ಇಡ್ತಾರಾ, ಬುದ್ಧಿ? ಇದು ನಮ್ಮ ಗುಳದಪ್ಪ" ಎಂದರು ಗೌಡರು. ಅಪ್ಪನ ಕಡೆ ಕೈ ತೋರಿಸಿ, "ಇವರ ಮನೆದೇವರು" ಎಂದರು.

ಶೇಕ್‌ದಾರರು ಜೋಡು ಬಿಟ್ಟು ಕೈಮುಗಿದು, ಹಣೆಗೆ ಕುಂಕುಮ ಹಚ್ಚಿಕೊಂಡು ಹೊರಟರು. ಅಪ್ಪನ ಕೆಲಸ ಉಳಿಯಿತು.

"ಮನೆದೇವರು ಅಂದಮೇಲೆ ವರ್ಷಾ ವರ್ಷಾ ಮೊದಲ ಎಣ್ಣೆ ನಿಮ್ದೇ, ಸ್ವಾಮಿ" ಎಂದರು ಗೌಡರು. ಅಪ್ಪ ತಲೆಯಾಡಿಸಿದರು.

ಮನೆಗೆ ಬಂದು ನಾನು ಕುಡಿಕೆ ತೊಳೆದೆ. ಅಪ್ಪ ಸೀಗೆಪುಡಿಯಿಂದ ಕೈ ಉಜ್ಜಿಕೊಂಡು, ಕೋಟು ತೊಟ್ಟು ಸ್ಟೇಷನ್ನಿಗೆ ಹೋದರು. ಸಂಜೆಯ ಗಾಡಿ ಹೊತ್ತಿಗೆ ಸರಿಯಾಗಿ ಬಂತು. ಕಾರಣವೇನೆಂದು ಅಪ್ಪ ಯಾರಿಗೂ ಹೇಳಲಿಲ್ಲ. ಹಸಿರು ಬಾವುಟ ತೋರಿಸಿ ಅದನ್ನು ಕಳಿಸಿಕೊಟ್ಟರು.