ಒಂದು ಮೊಳ ಹೂವು, ಕನ್ನಡದಲ್ಲೇ

ವಿಶ್ವವಿದ್ಯಾಲಯದಲ್ಲಿ ಕನ್ನಡ ಬಾರದವರಿಗೆ ಕನ್ನಡ ಕಲಿಸುವುದು ನನ್ನ ಕೆಲಸ. ನಾನು ಸೇರಿದ ಹೊಸದರಲ್ಲಿ ಆ ತರಗತಿಗೆ ಬರುತ್ತಿದ್ದವರು ಬೆರಳೆಣಿಕೆಯಷ್ಟು. ವಿಶ್ವವಿದ್ಯಾಲಯದಲ್ಲಿ ಮಿಕ್ಕವರೆಲ್ಲ ಬಸವನಗುಡಿ, ಮಲ್ಲೇಶ್ವರದ ಮಕ್ಕಳು, ಮಧ್ಯಾಹ್ನದ ಊಟಕ್ಕೆ ಮನೆಗೇ ಹೋಗಿ ಬರುವಂಥವರು. ಈಗ ನನ್ನ ತರಗತಿಗೆ ದೊಡ್ಡ ಕೊಠಡಿಯೇ ಬೇಕು. ಕೇರಳದವರು, ಬಿಹಾರದವರು, ನೇಪಾಳದವರು, ತಾಂಜಾನಿಯಾದ ಅಣ್ಣ ತಂಗಿ ಇಬ್ಬರು. ಮೊದಲ ದಿನ ಒಬ್ಬೊಬ್ಬರೂ ಎದ್ದು ನಿಂತು ತಮ್ಮ ತಮ್ಮ ಭಾಷೆಯಲ್ಲಿ ‘ಊಟ ಆಯ್ತಾ’ ಎಂದು ಕೇಳಬೇಕು, ಉಳಿದವರು ಒಟ್ಟಿಗೆ ‘ಆಯ್ತು’ ಎನ್ನಬೇಕು. ಅರ್ಧ ಜನ ತಿಂಡಿಯನ್ನೇ ತಿಂದಿರುವುದಿಲ್ಲ, ಆದರೂ ಜೋರಾಗಿಯೇ ಹೇಳುತ್ತಾರೆ.

ಹೋದ ವರ್ಷ ಮುಂದಿನ ಬೆಂಚಿನಲ್ಲಿ ಮಿಜೋರಾಮಿನ ಹುಡುಗಿಯೊಬ್ಬಳು ಕೂರುತ್ತಿದ್ದಳು. ಓದುತ್ತಿದ್ದದ್ದು ಸಮಾಜಕಾರ್ಯ. ಆ ವಿಭಾಗದ ಮಕ್ಕಳು ವಾರದಲ್ಲಿ ಕೆಲವು ದಿನ ಬೀದಿಗಿಳಿದೇ ಪಾಠ ಕಲಿಯಬೇಕು. ಅವಳಿಗೆ ಸಿಕ್ಕಿದ್ದು ಚಾಮರಾಜಪೇಟೆಯ ಒಂದು ಓಣಿ. ಅಲ್ಲಿನ ವಯಸ್ಸಾದವರ ಮನೆಗಳಿಗೆ ಹೋಗಿ ಆರೋಗ್ಯ ವಿಚಾರಿಸುವ ಕೆಲಸ. ಮಾತು ಬಾರದೆ ಅವಳು ಬಾಗಿಲಲ್ಲೇ ನಗುತ್ತಾ ನಿಂತು ವಾಪಸ್ಸಾಗುತ್ತಿದ್ದಳು. ‘ದಸರಾ ರಜೆ ಮುಗಿಯುವುದರೊಳಗೆ ಮಾತಾಡಲು ಬಾರದಿದ್ದರೆ ಆಫೀಸಿನಲ್ಲಿ ಕಂಪ್ಯೂಟರ್ ಕೆಲಸಕ್ಕೆ ಹಾಕುತ್ತೇನೆ’ ಎಂದು ಅವಳ ಮೇಷ್ಟ್ರು ಹೇಳಿಬಿಟ್ಟಿದ್ದರು.

‘ಕಂಪ್ಯೂಟರ್ ಮುಂದೆ ಕೂರೋದಕ್ಕೆ ನಾನು ಇಷ್ಟು ದೂರ ಬರಬೇಕಿತ್ತಾ ಮೇಡಂ?’ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಅವಳನ್ನು ಸಾಕಿದ್ದು ಅಜ್ಜಿಯಂತೆ. ಓದು ಮುಗಿಸಿ ಊರಿಗೆ ಹೋಗಿ ಅಂಥ ಮುದುಕಿಯರ ನಡುವೆಯೇ ಕೆಲಸ ಮಾಡಬೇಕೆಂಬುದು ಅವಳ ಆಸೆ.

ತರಗತಿಯಲ್ಲಿ ಅವಳೇನೂ ಹಿಂದಿರಲಿಲ್ಲ. ಹೊರಗೆ ಏಕೆ ಬಾಯಿ ಕಟ್ಟುತ್ತದೆಂದು ಕೇಳಿದೆ. ‘ನಾನು ಕನ್ನಡದಲ್ಲಿ ಶುರು ಮಾಡ್ತೀನಿ ಮೇಡಂ. ಅವರು ಹಿಂದಿಯಲ್ಲಿ ಉತ್ತರ ಕೊಡ್ತಾರೆ. ನಂಗೆ ಹಿಂದಿ ಇನ್ನೂ ಕಷ್ಟ,’ ಎಂದಳು.

ನಂಬಿಕೆ ಬರಲಿಲ್ಲ. ಶನಿವಾರ ಬೆಳಿಗ್ಗೆ ಚೀಲ ಹಿಡಿದು ಅವಳ ಜೊತೆ ಗಾಂಧಿ ಬಜಾರಿಗೆ ಹೋದೆ. ಬೇಕೆಂದೇ ನಾಲ್ಕು ಹೆಜ್ಜೆ ಹಿಂದೆ ನಿಂತೆ.

‘ಅಣ್ಣಾ, ಅರ್ಧ ಕೆಜಿ ಹುರಳಿಕಾಯಿ ಕೊಡಿ,’ ಎಂದಳು ಹುಡುಗಿ, ಒಂದಕ್ಷರವೂ ತಪ್ಪದೆ.

‘ಔರ್ ಕ್ಯಾ ಚಾಹಿಯೇ?’ ಎಂದ ತರಕಾರಿಯವನು, ತುಂಬು ಪ್ರೀತಿಯಿಂದ.

ಎಳನೀರಿನವನು ಇಂಗ್ಲಿಷಿಗೆ ಇಳಿದ. ನಿಂಬೆಹಣ್ಣಿನ ಮುದುಕ ಬೆರಳಲ್ಲೇ ಬೆಲೆ ತೋರಿಸಿದ.

ನಾನು ತರಕಾರಿಯವನ ಹತ್ತಿರ ವಾಪಸ್ಸು ಬಂದೆ. ‘ಅಲ್ಲಪ್ಪಾ, ಅವಳು ಕನ್ನಡದಲ್ಲಿ ತಾನೇ ಕೇಳಿದ್ದು?’

‘ಪಾಪ, ಮಗು ಕಷ್ಟಪಡ್ತಿತ್ತಲ್ಲಾ ಮೇಡಂ, ಅದಕ್ಕೇ,’ ಎಂದ. ಅವನನ್ನು ಏನೆಂದು ಬೈಯುವುದು? ಮುಖ ನೋಡಿ, ಎದುರಿನವರಿಗೆ ಸುಲಭವಾಗಲಿ ಎಂದು ತನ್ನ ಭಾಷೆಯನ್ನು ಬದಿಗಿಡುವುದು ನಮ್ಮ ಊರಿನ ಮರ್ಯಾದೆ. ಆ ಮರ್ಯಾದೆಯೇ ಈ ಹುಡುಗಿಗೆ ಅಡ್ಡ ನಿಂತಿತ್ತು.

ಕೊನೆಗೆ ನಾನು ವರ್ಷಗಳಿಂದ ಹೂವು ಕೊಳ್ಳುವ ಹೂವಮ್ಮನ ಬಳಿ ಹೋದೆವು. ಆಕೆಯೂ ‘ಒನ್ ಮೊಳಾನಾ? ಟೂನಾ?’ ಎಂದೇ ಶುರು ಮಾಡಿದಳು. ನಾನು ವಿಷಯ ಹೇಳಿ ಕೇಳಿಕೊಂಡೆ: ‘ಇವಳ ಹತ್ರ ಕನ್ನಡ ಬಿಟ್ಟು ಬೇರೇನೂ ಆಡ್ಬೇಡಿ. ಕಷ್ಟಪಟ್ರೆ ಪಡ್ಲಿ.’

ಹೂವಮ್ಮ ದಾರವನ್ನು ಹಲ್ಲಿನಲ್ಲಿ ಕಚ್ಚಿ ಹುಡುಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ‘ನಾನು ಸೇಲಂ ಕಡೆಯಿಂದ ಮದ್ವೆಯಾಗಿ ಬಂದಾಗ ನಮ್ಮ ಬೀದೀಲಿ ಯಾರೂ ನಂಗೆ ತಮಿಳಲ್ಲಿ ಉತ್ರ ಕೊಡ್ಲಿಲ್ಲಮ್ಮ. ಅತ್ಕೊಂಡೇ ಕಲ್ತೆ. ಬಾರೇ, ಇಲ್ಲಿ ಕೂತ್ಕೋ. ಬೈದ್ರೆ ಮೇಡಂಗೆ ಚಾಡಿ ಹೇಳ್ಬಾರ್ದು.’

ಅಂದಿನಿಂದ ಹುಡುಗಿ ಬೆಳಿಗ್ಗೆ ತರಗತಿಗೆ ಮುಂಚೆ ಅಲ್ಲಿ ಕೂತು ಸೇವಂತಿಗೆ ಕಟ್ಟತೊಡಗಿದಳು. ನಾನು ಹಾಲು ತರಲು ಹೋದಾಗೆಲ್ಲ ಅತ್ತ ಕಣ್ಣು ಹಾಯಿಸುತ್ತಿದ್ದೆ. ‘ಬಿಗಿಯಾಗ್ ಕಟ್ಟೇ, ಕೈಯಲ್ಲಿ ಜೀವ ಇಲ್ವಾ?’ ‘ಜೀವ ಇದೆ, ದಾರಕ್ಕೆ ನೀರು ಇಲ್ಲ. ನೀರು ಹಾಕಿ ಹೂವಮ್ಮ.’ ‘ನೋಡ್ರೀ ಇವಳ ಬಾಯಿ!’ ಎಂದು ಹೂವಮ್ಮ ಪಕ್ಕದ ಬಾಳೆಎಲೆಯವಳಿಗೆ ದೂರು ಹೇಳುತ್ತಿದ್ದಳು, ಹೆಮ್ಮೆಯಿಂದ. ಹಬ್ಬದ ಹಿಂದಿನ ದಿನ ಗಿರಾಕಿಗಳನ್ನು ಹುಡುಗಿಯೇ ಸುಧಾರಿಸಿದ್ದಳಂತೆ. ಅವಳನ್ನು ಹಿಂದಿಯಲ್ಲಿ ಕೇಳಿದವರಿಗೆ ಹೂವಮ್ಮನೇ ಅಡ್ಡ ಬಾಯಿ ಹಾಕಿ, ‘ಕನ್ನಡದಲ್ಲಿ ಕೇಳಿ, ಬರತ್ತೆ ಅವಳಿಗೆ’ ಎನ್ನುತ್ತಿದ್ದಳಂತೆ.

ದಸರಾ ರಜೆ ಮುಗಿದ ಮೇಲೆ ಹುಡುಗಿಯ ಮಾತು ಎಲ್ಲಿಗೆ ಬಂತೆಂದು ನೋಡಲು ಮೇಷ್ಟ್ರು ಅವಳೊಂದಿಗೆ ಆ ಓಣಿಗೆ ಹೊರಟರು, ನನ್ನನ್ನೂ ಕರೆದರು. ಓಣಿಯ ಗೋರಿಪಾಳ್ಯದ ಕಡೆಯ ತುದಿಯಲ್ಲಿ ಒಂದು ಚಿಕ್ಕ ಮನೆ. ಅಜ್ಜಿ ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡು ಕೂತಿದ್ದರು. ಮನೆಮಾತು ಉರ್ದು, ಆದರೆ ಹುಟ್ಟಿ ಬೆಳೆದದ್ದೆಲ್ಲ ಈ ಪೇಟೆಯಲ್ಲೇ. ಹುಡುಗಿಯ ಮುಖ ನೋಡಿದ್ದೇ ‘ಆವೋ ಬೇಟಿ, ಬೈಠೋ’ ಎಂದರು.

‘ಕನ್ನಡದಲ್ಲೇ ಹೇಳಿ ಅಜ್ಜಿ, ನಂಗೆ ಬರತ್ತೆ,’ ಎಂದು ಹುಡುಗಿ ಚಾಪೆಯ ಮೇಲೆ ಕೂತಳು. ಅಜ್ಜಿ ಹುಬ್ಬೇರಿಸಿದರು, ಆಮೇಲೆ ಮಾತು ಬದಲಾಯಿಸಿ ಮಂಡಿನೋವು, ನಿದ್ದೆ, ಸೊಸೆಯ ಸಾರಿನ ಉಪ್ಪು ಎಲ್ಲ ಹೇಳಿದರು. ಅರ್ಥವಾಗದ ಕಡೆ ಹುಡುಗಿ ‘ಹಾಗಂದ್ರೆ?’ ಎಂದು ತಡೆದು ಕೇಳಿದಳು. ಕಿಟಕಿಯಲ್ಲಿಟ್ಟಿದ್ದ ಮಾತ್ರೆಯ ಸ್ಟ್ರಿಪ್ ಒಂದೂ ಮಾತ್ರೆ ಬಿಡಿಸದೆ ಹಾಗೇ ಇತ್ತು. ಅದನ್ನೆತ್ತಿ ನೋಡಿದವಳೇ, ‘ಮಾತ್ರೆ ನುಂಗ್ದೆ ನೋವು ನೋವು ಅಂದ್ರೆ ಹೆಂಗಜ್ಜೀ? ನಾಟ್ಕ ಆಡ್ತೀರಾ?’ ಎಂದುಬಿಟ್ಟಳು.

ಸಾಕ್ಷಾತ್ ಹೂವಮ್ಮನ ದನಿ! ಮೇಷ್ಟ್ರು ಬೆಚ್ಚಿ ನನ್ನ ಕಡೆ ನೋಡಿದರು. ನಾನು ಗೋಡೆ ನೋಡಿದೆ.

ಅಜ್ಜಿ ಹಲ್ಲಿಲ್ಲದ ಬಾಯಿ ತೆರೆದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ‘ಬಂದೋರೆಲ್ಲ ಮೆತ್ತಗೆ ಮಾತಾಡಿ ಹೋಗ್ತಾರೆ. ಇವಳು ಮನೆಯೋಳ ಥರ ಬೈತಾಳೆ ನೋಡಿ,’ ಎಂದು ಮೇಷ್ಟ್ರಿಗೇ ಹೇಳಿ, ಮಾತ್ರೆಗೆ ಕೈ ಚಾಚಿದರು. ಹುಡುಗಿ ನೀರು ತಂದುಕೊಟ್ಟಳು.

ಹೊರಗೆ ಬಂದು ಚಪ್ಪಲಿ ಮೆಟ್ಟುತ್ತಾ ಮೇಷ್ಟ್ರು, ‘ಇವಳು ಇಲ್ಲೇ ಇರ್ಲಿ ಬಿಡಿ,’ ಎಂದರು. ಹುಡುಗಿಗೆ ಅದು ಕೇಳಿಸಲಿಲ್ಲ. ಅವಳಿನ್ನೂ ಹೊಸ್ತಿಲಲ್ಲೇ ಇದ್ದಳು, ಒಳಗಿನಿಂದ ಅಜ್ಜಿ ಕೂಗುತ್ತಿದ್ದರು: ‘ಮುಂದಿನ ವಾರ ಬಾರೇ. ತಡ ಮಾಡಿದ್ರೆ ನಾನೂ ಬೈತೀನಿ!’