ಸಾವಿಗೆ ಅಪ್ಪಣೆಯಿಲ್ಲದ ದ್ವೀಪದಲ್ಲಿ ಅರ್ಗೀರೋ

ಮಿಕೊನೋಸ್ ದ್ವೀಪದ ಹಳೆಯ ಬಂದರಿನಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಅರ್ಗೀರೋ ಮೆಟ್ಟಿಲ ಮೇಲೆ ಕೂತು, ಹತ್ತಿ ಬಟ್ಟೆಗಳನ್ನು ನೀರಿನಲ್ಲಿ ಅದ್ದಿ, ಹಿಂಡಿ, ಸುರುಳಿ ಸುತ್ತಿ ಚೀಲಕ್ಕೆ ತುಂಬುತ್ತಿದ್ದಾರೆ. ಅವುಗಳ ಮೇಲೆ ನೀರಿನ ಬಾಟಲಿಗಳು.

“ಏನಮ್ಮ, ದೆಲೋಸ್‌ನಲ್ಲಿ ತೋಟ ಮಾಡ್ತೀಯಾ?” ಪ್ರವಾಸಿಗರನ್ನು ಆ ಪಾಳು ದ್ವೀಪಕ್ಕೆ ದಾಟಿಸುವ ದೋಣಿಯ ಝನ್ನಿಸ್ ಕೂಗುತ್ತಾನೆ.

“ಮೊದ್ಲು ನಿನ್ನ ತಲೆಗೆ ಹೊಯ್ತೀನಿ. ಅಲ್ಲೂ ಏನೂ ಬೆಳೆದಿಲ್ಲ.”

ಬೋಳುತಲೆ ಸವರಿಕೊಂಡು ಅವನು ನಗುತ್ತಾನೆ. ಅರ್ಗೀರೋ ನಗುವುದಿಲ್ಲ.

ಅಲ್ಲಿ ಪ್ರವಾಸಿಗರಿಗೆ ಮಾರ್ಗದರ್ಶಿ ಅವರು, ಅರ್ಧ ದಿನದ ಪ್ರವಾಸ. ಬೆಳಿಗ್ಗೆ ಒಂದು ತಂಡ, ಮಧ್ಯಾಹ್ನ ಇನ್ನೊಂದು. ಮುರಿದ ಗುಡಿಗಳು, ಕಲ್ಲಿನ ಸಿಂಹಗಳು, ರಂಗಮಂದಿರ. ನೆರಳೆಂಬುದು ಇಲ್ಲವೇ ಇಲ್ಲ. ಇಪ್ಪತ್ತು ಬೇಸಿಗೆ ಗಾಳಿಗೆದುರಾಗಿ ಕೂಗಿ ಗಂಟಲು ಒಡೆದಿದೆ. ಪ್ರವಾಸಿಗರಿಲ್ಲದ ಚಳಿಗಾಲದಲ್ಲಿ ಹೋಟೆಲುಗಳ ಗೋಡೆಗೆ ಸುಣ್ಣ ಬಳಿಯುತ್ತಾರೆ. ಗಂಡನಿಲ್ಲ, ಹಾಸಿಗೆ ಹಿಡಿದ ತಾಯಿಯಿದ್ದಾರೆ.

ಅರ್ಗೀರೋ ಹೇಳುತ್ತಿದ್ದ ಒಂದು ಮಾತು ಪ್ರವಾಸಿಗರೆಲ್ಲರಿಗೂ ಇಷ್ಟವಾಗುತ್ತಿತ್ತು. ಹಿಂದೆ ದೆಲೋಸ್‌ನಲ್ಲಿ ಯಾರೂ ಹುಟ್ಟುವಂತಿರಲಿಲ್ಲ, ಸಾಯುವಂತಿರಲಿಲ್ಲ. ದೇವರ ನೆಲ ಮೈಲಿಗೆಯಾಗಬಾರದೆಂದು ದಿನ ತುಂಬಿದ ಬಸುರಿಯರನ್ನೂ ಕೊನೆಯುಸಿರು ಎಳೆಯುವವರನ್ನೂ ಎದುರಿನ ದ್ವೀಪಕ್ಕೆ ದಾಟಿಸಿಬಿಡುತ್ತಿದ್ದರು. ಕೇಳಿದವರು ನಗುತ್ತಿದ್ದರು. ಕಳೆದ ಜುಲೈಯಿಂದ ಅರ್ಗೀರೋ ಆ ಮಾತು ಆಡುವುದಿಲ್ಲ.

ಆ ಜುಲೈನ ಒಂದು ಮಧ್ಯಾಹ್ನ ಕಲ್ಲು ಮುಟ್ಟಿದರೆ ಕೈ ಸುಡುತ್ತಿತ್ತು. ಬೇರೆ ಮಾರ್ಗದರ್ಶಿಗಳು ಹೊರಡಲೊಪ್ಪಲಿಲ್ಲ. ಪ್ರವಾಸದ ಕಚೇರಿ ಅರ್ಗೀರೋ ಅವರನ್ನು ಕಳಿಸಿತು. ವೋಲೋಸ್ ಊರಿನಿಂದ ಬಂದಿದ್ದ ನಿವೃತ್ತ ರೈಲ್ವೆ ನೌಕರ ಸ್ಟೆರ್ಯೋಸ್ ಸಿಂಹಗಳ ಬಳಿ ಕುಸಿದರು. ದೋಣಿ ಬರುವ ಮುನ್ನವೇ ಹೋಗಿಬಿಟ್ಟರು. “ದೋಣಿಯಲ್ಲಿ ತೀರಿಕೊಂಡರು ಅನ್ನು,” ಎಂದಿತು ಕಚೇರಿ. ದ್ವೀಪದಲ್ಲೇ ಸತ್ತರೆಂದರೆ, ಅಂಥ ಬಿಸಿಲಿಗೆ ಕರೆದೊಯ್ದವರು ಯಾರೆಂಬ ಪ್ರಶ್ನೆ ಏಳುತ್ತದಲ್ಲ! ಅರ್ಗೀರೋ ಹಾಗೆಯೇ ಅಂದರು. ಕೆಲಸ ಉಳಿಯಿತು.

ಇಂದಿನ ತಂಡದಲ್ಲಿ ಸ್ಟೆರ್ಯೋಸ್‌ರ ಹೆಂಡತಿ ಎವ್ದೋಕಿಯಾ ಇದ್ದಾರೆ. ಅಂದು ಮಂಡಿನೋವೆಂದು ಹೋಟೆಲಿನಲ್ಲೇ ಉಳಿದಿದ್ದವರು.

“ಕಚೇರಿಯಿಂದ ಫೋನ್ ಬಂದಿತ್ತು,” ಝನ್ನಿಸ್ ದನಿ ತಗ್ಗಿಸುತ್ತಾನೆ. “ದೋಣೀಲಿ ತೀರಿಕೊಂಡ್ರು ಅನ್ನೋ ಹಳೇ ಮಾತೇ ಹೇಳ್ಬೇಕಂತೆ. ಬಾಯಿ ಬಿಟ್ರೆ ನಾಳೆಯಿಂದ ಬರೋದು ಬೇಡವಂತೆ. ನಿನ್ನಮ್ಮನ್ನ ನೆನೆಸ್ಕೋ.”

ದೆಲೋಸ್‌ನಲ್ಲಿ, ಸಿಂಹಗಳ ಬಳಿ ಎಲ್ಲರೂ ಫೋಟೊಗಳಲ್ಲಿ ಮುಳುಗಿರುವಾಗ ಎವ್ದೋಕಿಯಾ ಅರ್ಗೀರೋ ಹತ್ತಿರ ಬರುತ್ತಾರೆ.

“ದೋಣೀಲಿ ಯಾವ ಕಡೆ ಮಲಗಿಸಿದ್ರಿ ಅವರನ್ನ? ವಾಪಸ್ ಹೋಗ್ತಾ ನಾನೂ ಅಲ್ಲೇ ಕೂತ್ಕೋತೀನಿ.”

ಅರ್ಗೀರೋ ಚೀಲದಿಂದ ಒದ್ದೆ ಬಟ್ಟೆಯೊಂದನ್ನು ತೆಗೆದು ಆಕೆಯ ಕತ್ತಿಗೆ ಹೊದಿಸುತ್ತಾರೆ.

“ದೋಣೀಲಲ್ಲಮ್ಮ. ಇಲ್ಲೇ. ಈ ಕಲ್ಲಿನ ಪಕ್ಕ. ತಲೆ ನನ್ನ ತೊಡೆ ಮೇಲಿತ್ತು.”

ಗಾಳಿ ಒಣಹುಲ್ಲನ್ನು ಸವರಿಕೊಂಡು ಹೋಗುತ್ತದೆ.

“ಬಿಸಿಲಲ್ಲಿ?”

“ಮುಖದ ಮೇಲೆ ಬೀಳೋಕೆ ಬಿಡಲಿಲ್ಲ. ಬಗ್ಗಿ ಅಡ್ಡ ಕೂತಿದ್ದೆ.”

“ಏನಾದ್ರೂ ಅಂದ್ರಾ?”

“ನಿಮ್ಮ ಮಂಡಿಗೆ ಮುಲಾಮು ತಗೊಂಡು ಹೋಗ್ಬೇಕು ಅಂದ್ರು.”

“ಅಯ್ಯೋ, ಒಂದು ದಿನಾನೂ ನೆನಪಿಟ್ಟು ತಂದವರಲ್ಲ ಆ ಮನುಷ್ಯ,” ಎನ್ನುತ್ತಾರೆ ಎವ್ದೋಕಿಯಾ. ನಗುವಂತೆ ತೆರೆದ ಬಾಯಿ ನಗುವುದಿಲ್ಲ. ಕಲ್ಲಿನ ಪಕ್ಕ, ಬರಿ ನೆಲದ ಮೇಲೆ, ಕೂತುಬಿಡುತ್ತಾರೆ. “ಎಲ್ಲಾರಿಗೂ ಹೇಳ್ತೀನಿ. ಕೋರ್ಟಿಗೂ ಹೇಳ್ತೀನಿ.”

“ಹೇಳಿ. ನನ್ನ ಹೆಸರನ್ನೂ ಹೇಳಿ.”

ತಂಡ ಮರಳಿ ದೋಣಿ ಹತ್ತುವಾಗ ಝನ್ನಿಸ್‌ಗೆ ಇಬ್ಬರ ಮುಖ ನೋಡಿದರೇ ಸಾಕಾಗುತ್ತದೆ.

“ಹೇಳ್ಬಿಟ್ಯಾ? ಹುಚ್ಚಿ! ಹೋಯ್ತು ಕೆಲ್ಸ.”

ಅರ್ಗೀರೋ ಖಾಲಿ ಬಾಟಲಿಗಳನ್ನು ಒಂದೊಂದಾಗಿ ಅವನ ಕೈಗೆ ದಾಟಿಸುತ್ತಾರೆ.

“ಇಷ್ಟು ವರ್ಷ ಸತ್ತವರ ಕಥೇನ ಬೇಕಿಲ್ಲದವರಿಗೆಲ್ಲ ಹೇಳಿ ಹೊಟ್ಟೆ ಹೊರೆದೆ, ಝನ್ನಿಸ್. ಇವತ್ತು ಬೇಕಾಗಿದ್ದವರಿಗೆ ಹೇಳಿದೆ.”