ಉಮಾಶ್ರೀ ಅಕ್ಕೋರ ಪಾಲಿನ ಮಾತು

ಎಂಎಸ್ಸಿ ಮುಗಿಸಿದ ಮೇಲೆ ಜಗತ್ತು ನನ್ನನ್ನು ಹುಡುಕಿಕೊಂಡು ಬರುತ್ತದೆಂದು ಕಾದಿದ್ದೆ. ಬಂದದ್ದು ಗುರುಪಾದ ಸರ್ ಅವರ ಫೋನು ಮಾತ್ರ. ಗೋಪನಕೊಪ್ಪದಲ್ಲಿ ಹಿಟ್ಟಿನ ಗಿರಣಿಯ ಮೇಲೆ ಅವರದೊಂದು ಟ್ಯೂಷನ್ ಕ್ಲಾಸಿದೆ. ಅಲ್ಲಿ ವಿಜ್ಞಾನ ಕಲಿಸುತ್ತಿದ್ದ ಉಮಾಶ್ರೀ ಅಕ್ಕೋರು ಕಳೆದ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡಿದ್ದರು. ಅವರ ಕುರ್ಚಿ ನನಗೆ ಸಿಕ್ಕಿತು. ಅವರ ಬುದ್ಧಿ ಸಿಕ್ಕಿಲ್ಲವೆಂಬುದು ಮಕ್ಕಳಿಗೆ ಮೊದಲ ದಿನವೇ ತಿಳಿಯಿತು.

ಅವರ ಜೊತೆ ಕಲಿಸುತ್ತಿದ್ದ ಗೆಳತಿ ದಾಕ್ಷಾಯಿಣಿ ಅಕ್ಕೋರು ಉಳಿದಿದ್ದರು. ಉಪ್ಪಿನಬೆಟಗೇರಿಯಿಂದ ಧಾರವಾಡದ ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಇಬ್ಬರೂ ಒಂದೇ ಪುಸ್ತಕವನ್ನು ತೊಡೆಗಳ ಮೇಲೆ ಹರಡಿಕೊಂಡು ಓದಿದವರು. ಎಡಪುಟ ಒಬ್ಬರು, ಬಲಪುಟ ಒಬ್ಬರು. ಉಮಾಶ್ರೀ ಅಕ್ಕೋರಿಗೆ ಮದುವೆಯಾಯಿತು, ಇವರು ಮದುವೆಯ ಮಾತೇ ಎತ್ತಲಿಲ್ಲ. ಆದರೂ ಸಂಜೆಯ ಪಾಠ ಮಾತ್ರ ಜೋಡಿಯಾಗಿಯೇ ನಡೆಯಿತು. ಒಬ್ಬರು ಅರ್ಧ ವಾಕ್ಯ ಹೇಳಿದರೆ ಇನ್ನೊಬ್ಬರು ಮುಗಿಸುವುದು. ಕತ್ತು ಆ ಕಡೆ ಈ ಕಡೆ ಹೊರಳಿಸುವುದರಲ್ಲಿ ಮಕ್ಕಳಿಗೆ ತೂಕಡಿಸಲು ಪುರುಸೊತ್ತೇ ಇರುತ್ತಿರಲಿಲ್ಲವಂತೆ.

ಈಗಲೂ ದಾಕ್ಷಾಯಿಣಿ ಅಕ್ಕೋರು ತಮ್ಮ ಅರ್ಧ ಹೇಳಿ ನಿಲ್ಲುತ್ತಿದ್ದರು. ಪಕ್ಕದ ಖಾಲಿ ಜಾಗದತ್ತ ನೋಡುತ್ತಿದ್ದರು. ಒಂದು ಮಾತು ಮುಗಿಯುವಷ್ಟು ಹೊತ್ತು ಕಾದು, ಕೇಳಿಸಿಕೊಂಡವರಂತೆ ತಲೆಯಾಡಿಸಿ ಮುಂದಿನ ವಾಕ್ಯಕ್ಕೆ ಹೋಗುತ್ತಿದ್ದರು. ಮಕ್ಕಳ ನೋಟ್ಸಿನ ತುಂಬ ಅರ್ಧರ್ಧ ವಾಕ್ಯಗಳು.

"ಆಶಿಷ್, ಪಾಲಕರು ವಾಟ್ಸ್ಯಾಪಿನ್ಯಾಗ ಬೈಯಾಕತ್ತಾರ," ಎಂದರು ಗುರುಪಾದ ಸರ್. "ಇವತ್ತ ಸಹವೇಲೆನ್ಸಿ ಬಂಧದ ಪಾಠ. ನೀವು ಬಾಜೂಕ ನಿಂತು ಉಳಿದ ಅರ್ಧಾ ಹೇಳ್ರಿ. ಇವತ್ತೂ ಪಾಠ ಅರ್ಧಾ ಆತಂದ್ರ ಅಕ್ಕೋರನ್ನ ಬಿಡಸ್ತೇನಿ. ಕ್ಲಾಸು ನಿಮಗ."

"ಅವರಿಗೆ ಈ ಕ್ಲಾಸು ಬಿಟ್ರ ಬ್ಯಾರೆ ಏನೈತ್ರಿ ಸರ್?"

"ಅದಕ್ಕ ಹೇಳಾಕತ್ತೇನಿ, ಬಾಯಿ ತಗೀರಿ ಅಂತ!"

ಅವರು ಉಳಿಯಲಿ ಎಂಬ ಒಳ್ಳೆಯತನ, ಕ್ಲಾಸು ನನಗೇ ಬರಲಿ ಎಂಬ ಆಸೆ, ಎರಡನ್ನೂ ಒಂದೇ ಜೇಬಿನಲ್ಲಿಟ್ಟುಕೊಂಡು ಹೋಗಿ ನಿಂತೆ.

"ಹೈಡ್ರೋಜನ್ ಪರಮಾಣು ಹತ್ರ ಇರೂದು ಒಂದ ಎಲೆಕ್ಟ್ರಾನು," ಅಕ್ಕೋರು ಶುರು ಮಾಡಿದರು. "ಅದಕ್ಕ ಎರಡು ಬೇಕು. ಬಾಜೂದಾಕಿಗೂ ಅಷ್ಟ. ಯಾರೂ ಕೊಟ್ಟು ಕೈ ತೊಳಕೊಳ್ಳೂದಿಲ್ಲ, ಯಾರೂ ಕಸಗೊಳ್ಳೂದಿಲ್ಲ. ಹಂಗಾಗಿ..."

"ಹಂಗಾಗಿ ಇಬ್ಬರೂ..." ಎಂದೆ ನಾನು.

"ಸ್ವಲ್ಪ ತಡೀರಿ ಆಶಿಷ್. ಆಕಿ ಹೇಳಾಕತ್ತಾಳ."

ಮಕ್ಕಳು ಯಾರೂ ನಗಲಿಲ್ಲ. ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಅಕ್ಕೋರು ಕಾದರು, ತಲೆಯಾಡಿಸಿದರು. ಪಾಠ ಅರ್ಧವಾಗಿಯೇ ಮುಂದೆ ಸಾಗಿತು. ಆಗ ಮುಂದಿನ ಬೆಂಚಿನ ಅಬೀದಾ ಎದ್ದು ನಿಂತಳು.

"ಅಕ್ಕೋರ, ಬಂಧ ಮುರದ್ರ ನಡುವಿನ ಜೋಡಿ ಯಾರಿಗೆ ಹೋಗ್ತೈತ್ರಿ?"

ಕೆಳಗೆ ಗಿರಣಿ ನಿಂತಿತ್ತು. ಅಕ್ಕೋರು ಪಕ್ಕಕ್ಕೆ ನೋಡಿದರು. ಬಹಳ ಹೊತ್ತು ನೋಡಿದರು. ಈ ಸಲ ತಲೆಯಾಡಿಸಲಿಲ್ಲ.

"ಒಮ್ಮೊಮ್ಮೆ ಇಬ್ಬರಿಗೂ ಒಂದೊಂದು," ಎಂದರು. "ಒಮ್ಮೊಮ್ಮೆ ಎರಡೂ ಒಬ್ಬರ ಹತ್ರಾನ ಉಳೀತಾವ."

"ಹೋದವರದೂ ಏನ್ರಿ?"

"ಯಾವದು ಯಾರದಂತ ಹೆಂಗ ಹೇಳ್ತಿ ತಂಗಿ? ಎಲೆಕ್ಟ್ರಾನಿನ ಮ್ಯಾಲೆ..."

"...ಹೆಸರು ಬರದಿರತೈತೇನು, ಹುಚ್ಚಿ!"

ಕೊನೆಯ ಮಾತು ಬಂದದ್ದು ಅವರ ಬಾಯಿಂದಲೇ. ಆದರೆ ದನಿ ಬೇರೆ. ತೆಳ್ಳಗೆ, ಅವಸರದ್ದು, ನಗೆಯ ಅಂಚಿನದು. ನಾನು ಆ ದನಿಯನ್ನು ಎಂದೂ ಕೇಳಿದವನಲ್ಲ. ಕೇಳಿದ್ದ ಮಕ್ಕಳು ಪೆನ್ನು ಕೆಳಗಿಟ್ಟರು.

ಅಕ್ಕೋರು ಬೋರ್ಡು ಒರೆಸಿ ಮೊದಲಿನಿಂದ ಶುರು ಮಾಡಿದರು. ಒಂದು ದನಿ "ಹಂಗಾಗಿ" ಎಂದಿತು. ಇನ್ನೊಂದು, "ಇಬ್ಬರೂ ಒಂದೊಂದು ನಡುವ ಇಡ್ತಾರ. ಆ ಜೋಡಿ ಇಬ್ಬರ ಲೆಕ್ಕಕ್ಕೂ ಬರತೈತಿ. ಆಕಿಗೂ ಎರಡು, ಈಕಿಗೂ ಎರಡು" ಎಂದಿತು. ಅವರು ಪಕ್ಕಕ್ಕೆ ನೋಡುವುದನ್ನು ಬಿಟ್ಟಿದ್ದರು. ಅಬೀದಾ ಮೊದಲು ಬರೆಯತೊಡಗಿದಳು, ಆಮೇಲೆ ಎಲ್ಲರೂ. ನಾನು ಗೋಡೆಗುಂಟ ಸರಿದು ಮೆಟ್ಟಿಲಿಳಿದೆ.

ಕೆಳಗೆ ಗುರುಪಾದ ಸರ್ ಮೊಬೈಲಿನಲ್ಲಿ ಮುಳುಗಿದ್ದರು. "ಭಾಳ ಛಲೋ ಆತು! ಪೂರ್ತಿ ಪಾಠ ಕೇಳಿಸ್ತು. ಆದ್ರ ನಿಮ್ಮ ದನಿ ಥೇಟ್ ಹೆಂಗಸರಂಗ ಐತಿ ಬಿಡ್ರಿ," ಎಂದು ತಲೆಯೆತ್ತಿ ನಕ್ಕರು.

ಮೇಲೆ ಎರಡೂ ದನಿ ನಡೆದೇ ಇದ್ದವು. ಸರ್ ಮುಖದಿಂದ ನಗೆ ಮೆಲ್ಲಗೆ ಇಳಿಯಿತು. ನನ್ನನ್ನು ನೋಡಿದರು, ಮೆಟ್ಟಿಲು ನೋಡಿದರು.

"ಕ್ಲಾಸು ಅವರಿಗೇ ಇರ್ಲಿ," ಎಂದರು, ಪಿಸುದನಿಯಲ್ಲಿ.

ಮೇಲೆ ಹೋಗಿ ಅದನ್ನು ಹೇಳಿ ಬರಲು ಅವರೂ ಹೊರಡಲಿಲ್ಲ, ನಾನೂ ಹೊರಡಲಿಲ್ಲ.